ಸ್ಪರ್ಧಾ ಕಾನೂನಿನ ವಕೀಲಿ ವೃತ್ತಿ: ನಡವಳಿ ಪುಸ್ತಕದಿಂದ ಮೊಬೈಲ್‌ವರೆಗೆ

ವಕೀಲಿ ವೃತ್ತಿ ಎಂದೊಡನೆ ನಮ್ಮ ಭಾಗದ ವ್ಯಾಪಾರಸ್ಥರ ನೆನಪಿಗೆ ಬರುವುದು ಜಮೀನಿನ ತಕರಾರು, ಪಾಲು ವಿಭಾಗದ ದಾವೆ, ಚೆಕ್ಕು ಅಮಾನ್ಯವಾದ ಪ್ರಕರಣ, ಹೆಚ್ಚೆಂದರೆ ತೆರಿಗೆಯ ಮೇಲ್ಮನವಿ. ಇವೆಲ್ಲವುಗಳಲ್ಲಿ ನ್ಯಾಯಾಲಯದಲ್ಲಿ ನಿಂತು ವಾದ ಮಂಡಿಸುವುದೇ ವಕೀಲರ ಮುಖ್ಯ ಕೆಲಸವೆಂದು ನಾವು ತಿಳಿದಿದ್ದೇವೆ. ಆದರೆ 2009ರಿಂದೀಚೆಗೆ ನಮ್ಮ ದೇಶದಲ್ಲಿ ಬೆಳೆದುಬಂದಿರುವ ಸ್ಪರ್ಧಾ ಕಾನೂನಿನ ಶಾಖೆಯಲ್ಲಿ ವಾದಕ್ಕಿಂತ ಮೊದಲು, ವಾದಕ್ಕಿಂತ ಹೆಚ್ಚು ಕಾಲ, ದಾಖಲೆಗಳನ್ನು ಹುಡುಕುವ, ಕಾಯ್ದಿಡುವ ಮತ್ತು ಓದುವ ಕೆಲಸ ನಡೆಯುತ್ತದೆ. ಆ ದಾಖಲೆಗಳು ವ್ಯಾಪಾರಸ್ಥರಾದ ನಾವು ನೀವು ದಿನನಿತ್ಯ ಬರೆಯುವಂಥವೇ ಆಗಿರುವುದರಿಂದ ಈ ವಿಷಯವನ್ನು ಸದಸ್ಯರ ಗಮನಕ್ಕೆ ತರುವುದು ಅಗತ್ಯವೆನಿಸಿತು.

ಈ ಲೇಖನಕ್ಕೆ ಪ್ರೇರಣೆಯಾದ ಸಂದರ್ಭವನ್ನು ಮೊದಲು ಹೇಳಬೇಕು. ತೆರಿಗೆ ಲೆಕ್ಕ ಪರಿಶೋಧನೆಯ ಅವಧಿಯಲ್ಲಿ ಠಾಣಾ ಕುಶನೂರದ ಅಡತಿ ವ್ಯಾಪಾರಿಯೊಬ್ಬರು ತಮ್ಮ ಮಗನೊಂದಿಗೆ ನನ್ನ ಕಚೇರಿಗೆ ಬಂದಿದ್ದರು. ತೊಗರಿ, ಉದ್ದು, ಸೋಯಾ ವ್ಯಾಪಾರದ ಜೊತೆಗೆ ಅವರಿಗೆ ಎರಡು ಲಾರಿಗಳೂ ಇವೆ. ಮಗ ಬಿ.ಕಾಂ. ಮುಗಿಸಿ, ಕಾನೂನು ಪದವಿಯನ್ನೂ ಪಡೆದಿದ್ದಾನೆ. ತಂದೆಯ ಚಿಂತೆ ಒಂದೇ: "ಸಾಹೇಬ್ರ, ಹುಡುಗ ಹೈದರಾಬಾದಿಗಿ ಹೋಗ್ತೀನಿ ಅಂತಾನ. ಕೋರ್ಟಿಗಿ ಹೋಗೂದಿಲ್ಲಂತ, ಮಂದಿ ಇ-ಮೇಲ್ ಓದೋ ಕೆಲಸಂತ. ಇದೆಂಥಾ ವಕೀಲಿ?"

ಮಾತಿನ ನಡುವೆ ಅವರ ಮೊಬೈಲಿಗೆ ಸಂದೇಶವೊಂದು ಬಂತು. ಅವರು ಸದಸ್ಯರಾಗಿರುವ ಸಾಗಣೆದಾರರ ಸಂಘವೊಂದರ ವಾಟ್ಸ್‌ಆಪ್ ಗುಂಪಿನ ಸಂದೇಶವದು. ಉದಗೀರ, ಲಾತೂರ ಮತ್ತು ಹೈದರಾಬಾದಿಗೆ ಇಂತಿಷ್ಟಕ್ಕಿಂತ ಕಡಿಮೆ ಬಾಡಿಗೆಗೆ ಯಾರೂ ಗಾಡಿ ಕಳಿಸಬಾರದು, ಕಳಿಸಿದವರಿಗೆ ಲೋಡು ಸಿಗದಂತೆ ಮಾಡಲಾಗುವುದು ಎಂದು ಅದರಲ್ಲಿತ್ತು. ತಂದೆ ಅದನ್ನು ನನಗೆ ಸಹಜವಾಗಿಯೇ ಓದಿ ಹೇಳಿದರು. ಮಗ ಮಾತ್ರ, ತಾನು ಓದಲು ಹೊರಟಿರುವುದು ಇಂಥ ಸಂದೇಶಗಳನ್ನೇ ಎಂದ. ಗಾಬರಿಗೊಂಡ ತಂದೆ ಸಂದೇಶವನ್ನು ಅಳಿಸಲು ಮುಂದಾದರು. ಮಗ ತಡೆದ: "ಅಳಿಸಬ್ಯಾಡ್ರಿ ಅಪ್ಪಾ. ನಿಮ್ಮ ಫೋನಿನಾಗ ಅಳಿಸಿದ್ರ ಉಳಿದವರ ಫೋನಿನಾಗ ಇದ್ದೇ ಇರ್ತದ." ಈ ಒಂದು ಮಾತಿನಲ್ಲಿ ಆತನ ವೃತ್ತಿಯ ತಿರುಳೆಲ್ಲ ಅಡಗಿದೆ ಎಂದು ನನಗೆ ಅನ್ನಿಸಿತು.

ಕಾನೂನು ಏನು ಹೇಳುತ್ತದೆ?

1969ರ ಎಂ.ಆರ್.ಟಿ.ಪಿ. ಕಾಯ್ದೆಯ ಸ್ಥಾನದಲ್ಲಿ ಸಂಸತ್ತು 2002ರ ಸ್ಪರ್ಧಾ ಕಾಯ್ದೆಯನ್ನು ರೂಪಿಸಿತು. ಇದರ ಮುಖ್ಯ ನಿಷೇಧಗಳಾದ 3 ಮತ್ತು 4ನೆಯ ಕಲಮುಗಳು 2009ರ ಮೇ 20ರಿಂದ ಜಾರಿಗೆ ಬಂದವು. 3ನೆಯ ಕಲಮಿನ ಪ್ರಕಾರ ಒಂದೇ ಬಗೆಯ ವ್ಯಾಪಾರದಲ್ಲಿರುವವರು ಸೇರಿ ದರ ನಿಗದಿ ಮಾಡುವುದು, ಸರಬರಾಜನ್ನು ಸೀಮಿತಗೊಳಿಸುವುದು, ಮಾರುಕಟ್ಟೆಯನ್ನು ಹಂಚಿಕೊಳ್ಳುವುದು, ಟೆಂಡರಿನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದು, ಈ ನಾಲ್ಕೂ ಸ್ಪರ್ಧೆಗೆ ಧಕ್ಕೆ ತರುತ್ತವೆಂದು ಕಾನೂನೇ ಭಾವಿಸಿಕೊಳ್ಳುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ವ್ಯಾಪಾರಿಯದು. ಲಿಖಿತ ಕರಾರು ಇರಬೇಕೆಂದೇನೂ ಇಲ್ಲ. ಬಾಯಿಮಾತಿನ ತಿಳಿವಳಿಕೆಯೂ ಕಾನೂನಿನ ದೃಷ್ಟಿಯಲ್ಲಿ ಒಪ್ಪಂದವೇ. ಸಂಘದ ನಿರ್ಣಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ನಮ್ಮ ಗೋದಾಮುಗಳಿಗೆ ಪರಿಚಿತವಾದ ಸರಕಿನಿಂದಲೇ ಒಂದು ಉದಾಹರಣೆ ನೋಡೋಣ. ಧಾನ್ಯಕ್ಕೆ ಹುಳು ಹತ್ತದಂತೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳಿಗಾಗಿ ಭಾರತೀಯ ಆಹಾರ ನಿಗಮವು 2009ರಲ್ಲಿ ಟೆಂಡರು ಕರೆದಿತ್ತು. ಮೂರು ತಯಾರಕ ಸಂಸ್ಥೆಗಳು ಕಿಲೋ ಒಂದಕ್ಕೆ ₹388ರಂತೆ ಒಂದೇ ದರವನ್ನು ನಮೂದಿಸಿದವು. ನಿಗಮದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2012ರ ಏಪ್ರಿಲ್‌ನಲ್ಲಿ ಮೂರಕ್ಕೂ ದಂಡ ವಿಧಿಸಿತು. 2017ರ ಮೇ 8ರಂದು ಸರ್ವೋಚ್ಚ ನ್ಯಾಯಾಲಯವು ತಪ್ಪನ್ನು ಎತ್ತಿಹಿಡಿಯಿತು. ಆದರೆ ಸಂಸ್ಥೆಯ ಒಟ್ಟು ವಹಿವಾಟಿನ ಮೇಲಲ್ಲ, ಆ ಸರಕಿಗೆ ಸಂಬಂಧಿಸಿದ ವಹಿವಾಟಿನ ಮೇಲೆ ಮಾತ್ರ ದಂಡ ಲೆಕ್ಕಹಾಕಬೇಕೆಂದು ಹೇಳಿತು. 2023ರ ತಿದ್ದುಪಡಿಯ ನಂತರ ಈ ಸ್ಥಿತಿ ಬದಲಾಗಿದೆ. 2024ರ ಮಾರ್ಚ್ 6ರಿಂದ ದಂಡದ ಗರಿಷ್ಠ ಮಿತಿಯನ್ನು ಎಲ್ಲ ಸರಕು ಮತ್ತು ಸೇವೆಗಳ ಒಟ್ಟು ವಹಿವಾಟಿನ ಮೇಲೆ ಅಳೆಯಲಾಗುತ್ತದೆ.

ಕಾಗದದಿಂದ ಇ-ಮೇಲ್‌ಗೆ: ಒಬ್ಬ ವಕೀಲರ ಹಾದಿ

ಈ ಕಾನೂನು ಮೊದಲು ಬೆಳೆದದ್ದು ಅಮೆರಿಕೆಯಲ್ಲಿ, 1890ರ ಶರ್ಮನ್ ಕಾಯ್ದೆಯಿಂದ. ಅಲ್ಲಿನ ವಕೀಲ ಡೇವಿಡ್ ಬೋಯಿಸ್ ಅವರ ವೃತ್ತಿಜೀವನ ಈ ಶಾಖೆಯ ಬದಲಾವಣೆಯನ್ನು ಚೆನ್ನಾಗಿ ತೋರಿಸುತ್ತದೆ. 1969ರ ಜನವರಿಯಲ್ಲಿ ಅಮೆರಿಕ ಸರ್ಕಾರವು ಕಂಪ್ಯೂಟರ್ ತಯಾರಕರಾದ ಐ.ಬಿ.ಎಂ. ಸಂಸ್ಥೆಯ ವಿರುದ್ಧ ಏಕಸ್ವಾಮ್ಯದ ದಾವೆ ಹೂಡಿತು. ಆ ಸಂಸ್ಥೆಯ ಪರ ವಕೀಲರ ತಂಡದಲ್ಲಿ ಬೋಯಿಸ್ ಇದ್ದರು. ರಾಶಿ ರಾಶಿ ಕಾಗದಗಳನ್ನು ಪರಿಶೀಲಿಸುತ್ತ ಹದಿಮೂರು ವರ್ಷ ನಡೆದ ಆ ದಾವೆಯನ್ನು ಸರ್ಕಾರವು 1982ರ ಜನವರಿಯಲ್ಲಿ ಹಿಂತೆಗೆದುಕೊಂಡಿತು.

1998ರಲ್ಲಿ ಅದೇ ಬೋಯಿಸ್ ಸರ್ಕಾರದ ಪರವಾಗಿ ಮೈಕ್ರೋಸಾಫ್ಟ್ ವಿರುದ್ಧ ನಿಂತರು. ಈ ಸಲ ಅವರ ಕೈಯಲ್ಲಿದ್ದ ಮುಖ್ಯ ಸಾಧನ ಸಂಸ್ಥೆಯ ಒಳಗಿನವರೇ ಬರೆದ ಇ-ಮೇಲ್‌ಗಳು. ಸಂಸ್ಥೆಯ ಮುಖ್ಯಸ್ಥ ಬಿಲ್ ಗೇಟ್ಸ್ ಅವರ ಹೇಳಿಕೆಯನ್ನು ವಿಡಿಯೋದಲ್ಲಿ ಮುದ್ರಿಸಿಕೊಳ್ಳಲಾಗಿತ್ತು. ಅದರಲ್ಲಿ ಅವರು ನೆನಪಿಲ್ಲವೆಂದ ಎಷ್ಟೋ ವಿಷಯಗಳು ಇ-ಮೇಲ್‌ಗಳಲ್ಲಿ ಲಿಖಿತವಾಗಿಯೇ ಇದ್ದವು. ಸಂಸ್ಥೆಯನ್ನು ವಿಭಜಿಸಬೇಕೆಂಬ 2000ದ ಆದೇಶವನ್ನು ಮೇಲ್ಮನವಿ ನ್ಯಾಯಾಲಯ 2001ರಲ್ಲಿ ರದ್ದುಪಡಿಸಿದರೂ, ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡ ತಪ್ಪನ್ನು ಮಾತ್ರ ಎತ್ತಿಹಿಡಿಯಿತು. ಬೋಯಿಸ್ ಅವರು ಮುಂದೆ ಕೆಲವು ಕಕ್ಷಿದಾರರ ಪರವಾಗಿ ನಡೆದುಕೊಂಡ ರೀತಿಗಾಗಿ ತೀವ್ರ ಟೀಕೆಗೂ ಗುರಿಯಾದರು. ಅದೇನೇ ಇರಲಿ, ಬಾಯಿಂದ ಬಂದ ಉತ್ತರಕ್ಕಿಂತ ಹಿಂದೆಂದೋ ಬರೆದ ನಾಲ್ಕು ಸಾಲಿಗೆ ತೂಕ ಹೆಚ್ಚೆಂಬುದು ಆ ವಿಚಾರಣೆಯಿಂದ ಜಗತ್ತಿಗೆ ತಿಳಿಯಿತು.

ಮೊಕದ್ದಮೆಗೆ ಸಂಬಂಧಿಸಿದ ಇ-ಮೇಲ್, ಸಂದೇಶ, ಕಡತಗಳನ್ನು ಹುಡುಕಿ, ಬೇರ್ಪಡಿಸಿ, ಎದುರು ಪಕ್ಷಕ್ಕೂ ನ್ಯಾಯಾಲಯಕ್ಕೂ ಒದಗಿಸುವ ಈ ಕ್ರಮಕ್ಕೆ ಇ-ಡಿಸ್ಕವರಿ ಎಂದು ಹೆಸರು. 2006ರ ಡಿಸೆಂಬರ್ 1ರಿಂದ ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟ ಸ್ಥಾನ ದೊರೆಯಿತು. ನಮ್ಮಲ್ಲಿ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯು ವಾಣಿಜ್ಯ ವ್ಯಾಜ್ಯಗಳಲ್ಲಿ ಪಕ್ಷಕಾರರು ತಮ್ಮಲ್ಲಿರುವ ವಿದ್ಯುನ್ಮಾನ ದಾಖಲೆಗಳನ್ನೂ ಬಹಿರಂಗಪಡಿಸಬೇಕೆಂಬ ನಿಯಮ ತಂದಿತು.

ಕರ್ನಾಟಕದ ಮೂರು ಪ್ರಕರಣಗಳು

ಇದು ದೂರದ ದೇಶದ ಕಥೆ ಎನ್ನುವಂತಿಲ್ಲ. ನಮ್ಮ ರಾಜ್ಯದ ಮೂರು ಪ್ರಕರಣಗಳನ್ನು ಸದಸ್ಯರು ಅವಶ್ಯ ತಿಳಿದಿರಬೇಕು. ಮೂರರಲ್ಲಿಯೂ ಸಂಘಗಳ ಪಾತ್ರವಿದೆ ಎಂಬುದು ಗಮನಾರ್ಹ.

ಮೊದಲನೆಯದು ಡಬ್ಬಿಂಗ್ ಪ್ರಕರಣ. ಬೇರೆ ಭಾಷೆಯ ಚಿತ್ರ ಮತ್ತು ಕಾರ್ಯಕ್ರಮಗಳು ಕನ್ನಡಕ್ಕೆ ಡಬ್ ಆಗದಂತೆ ಚಿತ್ರೋದ್ಯಮದ ಸಂಘಗಳು ತಡೆಯುತ್ತಿವೆಯೆಂದು ಕನ್ನಡ ಗ್ರಾಹಕರ ಕೂಟವು 2012ರಲ್ಲಿ ಆಯೋಗದ ಮೊರೆ ಹೋಯಿತು. 2015ರ ಜುಲೈ 27ರ ಆದೇಶದಲ್ಲಿ ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ₹16.82 ಲಕ್ಷ, ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್‌ಗೆ ₹1.74 ಲಕ್ಷ ಹಾಗೂ ಕರ್ನಾಟಕ ಚಲನಚಿತ್ರ ನಿರ್ಮಾಪಕರ ಸಂಘಕ್ಕೆ ₹1.68 ಲಕ್ಷ ದಂಡ ವಿಧಿಸಿತು. ಭಾಷೆಯ ಹಿತಕ್ಕಾಗಿ ಡಬ್ಬಿಂಗ್ ಬೇಡವೆಂಬ ಅಭಿಪ್ರಾಯವನ್ನು ಹೊಂದಲು ಯಾರ ಅಡ್ಡಿಯೂ ಇಲ್ಲ. ಆದರೆ ಸಂಘದ ಬಲದಿಂದ ಇನ್ನೊಬ್ಬರ ಸರಕು ಮಾರುಕಟ್ಟೆಗೆ ಬಾರದಂತೆ ತಡೆಯುವುದು ಬೇರೆ ಮಾತು. ಉದ್ದೇಶ ಒಳ್ಳೆಯದಿತ್ತೆಂಬ ಸಮಾಧಾನ ಇಲ್ಲಿ ಸಾಲದು.

ಎರಡನೆಯದು ಔಷಧ ವ್ಯಾಪಾರಕ್ಕೆ ಸಂಬಂಧಿಸಿದ್ದು. ಸಂಘದ ನಿರಾಕ್ಷೇಪಣಾ ಪತ್ರವಿಲ್ಲದ ಕಾರಣಕ್ಕೆ ತನಗೆ ಔಷಧ ಸರಬರಾಜು ಆಗುತ್ತಿಲ್ಲವೆಂದು ಬೆಂಗಳೂರಿನ ಸಗಟು ಔಷಧ ಸಂಸ್ಥೆಯೊಂದು ದೂರಿತು. 2016ರ ಜುಲೈ 28ರಂದು ಆಯೋಗವು ಕರ್ನಾಟಕ ಔಷಧ ವ್ಯಾಪಾರಿಗಳ ಸಂಘಕ್ಕೆ ಸುಮಾರು ₹8.6 ಲಕ್ಷವನ್ನೂ ತಯಾರಕ ಸಂಸ್ಥೆ ಲೂಪಿನ್‌ಗೆ ₹72.96 ಕೋಟಿಯನ್ನೂ ದಂಡವಾಗಿ ವಿಧಿಸಿತು. ಲೂಪಿನ್ ಮೇಲಿನ ದಂಡವನ್ನು ಮೇಲ್ಮನವಿ ನ್ಯಾಯಮಂಡಳಿಯು ಅದೇ ವರ್ಷದ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಒಂದೇ ಕಡತದ ದಾಖಲೆಗಳನ್ನು ಆಯೋಗ ಒಂದು ಬಗೆಯಲ್ಲಿ ನೋಡಿದರೆ ನ್ಯಾಯಮಂಡಳಿ ಇನ್ನೊಂದು ಬಗೆಯಲ್ಲಿ ನೋಡಬಹುದು. ಈ ಅಂತರದಲ್ಲಿಯೇ ವಕೀಲರ ಕೌಶಲಕ್ಕೆ ಅವಕಾಶವಿರುತ್ತದೆ.

ಮೂರನೆಯದು ಬಿಯರ್ ಪ್ರಕರಣ. 2018ರ ಅಕ್ಟೋಬರ್‌ನಲ್ಲಿ ಆಯೋಗದ ಮಹಾನಿರ್ದೇಶಕರ ಅಧಿಕಾರಿಗಳು ಬಿಯರ್ ಕಂಪನಿಗಳ ಕಚೇರಿಗಳಲ್ಲಿ ಶೋಧ ನಡೆಸಿದರು. ಅವುಗಳಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಹ ಒಂದು. ವಶಪಡಿಸಿಕೊಂಡ ಇ-ಮೇಲ್ ಮತ್ತಿತರ ಸಂಪರ್ಕ ದಾಖಲೆಗಳಿಂದ, 2009ರಿಂದ ಶೋಧದ ದಿನದವರೆಗೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಕಂಪನಿಗಳು ದರದ ಬಗ್ಗೆ ಹೊಂದಾಣಿಕೆ ಮಾಡಿಕೊಂಡಿದ್ದವೆಂದೂ ತಯಾರಕರ ಸಂಘವು ಅದಕ್ಕೆ ವೇದಿಕೆಯಾಗಿತ್ತೆಂದೂ ಆಯೋಗ ತೀರ್ಮಾನಿಸಿತು. 2021ರ ಸೆಪ್ಟೆಂಬರ್ 24ರಂದು ಯುನೈಟೆಡ್ ಬ್ರೂವರೀಸ್‌ಗೆ ಸುಮಾರು ₹752 ಕೋಟಿ, ಕಾರ್ಲ್ಸ್‌ಬರ್ಗ್‌ಗೆ ಸುಮಾರು ₹121 ಕೋಟಿ ದಂಡ ಬಿತ್ತು. ಮೊದಲು ಮುಂದೆ ಬಂದು ವಿವರ ಒಪ್ಪಿಸಿದ ಎಬಿ ಇನ್‌ಬೆವ್ ಸಂಸ್ಥೆಗೆ ದಂಡದಲ್ಲಿ ಶೇ. 100 ರಿಯಾಯಿತಿ ದೊರೆಯಿತು. ಉಳಿದೆರಡಕ್ಕೆ ಕ್ರಮವಾಗಿ ಶೇ. 40 ಮತ್ತು 20. ಈ ಆದೇಶವನ್ನು 2022ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎತ್ತಿಹಿಡಿಯಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಇಂಥ ಪ್ರಕರಣದಲ್ಲಿ ವಕೀಲರು ನೀಡುವ ಮೊದಲ ಸಲಹೆಯೇ ಅತ್ಯಂತ ಬೆಲೆಯುಳ್ಳದ್ದು. ಹೋರಾಡಬೇಕೇ, ಒಪ್ಪಿಕೊಂಡು ಮೊದಲಿಗರಾಗಬೇಕೇ ಎಂಬುದನ್ನು ದಾಖಲೆಗಳನ್ನು ಬೇಗನೆ ಮತ್ತು ಪೂರ್ತಿಯಾಗಿ ಓದಿದವರು ಮಾತ್ರ ಹೇಳಬಲ್ಲರು.

ದಾಖಲೆಯು ಸಾಕ್ಷ್ಯವಾಗುವ ಬಗೆ

ಮೊಬೈಲಿನಲ್ಲಿರುವ ಸಂದೇಶ ತಾನೇ ತಾನಾಗಿ ಸಾಕ್ಷ್ಯವಾಗುವುದಿಲ್ಲ. ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರವನ್ನು ಬಯಸುತ್ತಿತ್ತು. ನೆರೆಯ ಮರಾಠವಾಡದ ಜಾಲ್ನಾ ವಿಧಾನಸಭಾ ಕ್ಷೇತ್ರದ ಚುನಾವಣಾ ತಕರಾರಿನಲ್ಲಿ, ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಈ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜುಲೈ 14ರಂದು ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಅಡಿಯಲ್ಲಿ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ನೀಡಬೇಕು. ಎರಡರಲ್ಲಿಯೂ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಮೌಲ್ಯವೆಂದರೆ ಕಡತದ ಬೆರಳಚ್ಚು ಇದ್ದಂತೆ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ಕಿರ್ದಿಯಲ್ಲಿ ತಿದ್ದಿದ ಅಂಕಿಯನ್ನು ಗುರುತಿಸುವ ನಮ್ಮ ವೃತ್ತಿಯವರಿಗೆ ಇದರ ಮಹತ್ವ ಬೇಗನೆ ಅರ್ಥವಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕಕ್ಷಿದಾರನು ತನ್ನ ವಕೀಲರಿಗೆ ಸಲಹೆಗಾಗಿ ತಿಳಿಸಿದ ವಿಷಯಕ್ಕೆ ಸಾಕ್ಷ್ಯ ಕಾನೂನಿನಲ್ಲಿ ಗೋಪ್ಯತೆಯ ರಕ್ಷಣೆಯಿದೆ. ಲೆಕ್ಕ ಪರಿಶೋಧಕರಿಗೆ ಬರೆದ ಪತ್ರಕ್ಕೆ ಆ ರಕ್ಷಣೆ ಇಲ್ಲ. ಆದ್ದರಿಂದ ಇ-ಡಿಸ್ಕವರಿಯಲ್ಲಿ ತೊಡಗಿದ ವಕೀಲರು ಸಾವಿರಾರು ಕಡತಗಳಲ್ಲಿ ಯಾವುದು ಸಂಬಂಧಪಟ್ಟದ್ದು, ಯಾವುದು ಅಲ್ಲ, ಯಾವುದು ರಕ್ಷಿತವಾದದ್ದು ಎಂದು ಒಂದೊಂದಾಗಿ ಗುರುತಿಸಬೇಕು. ರಕ್ಷಿತ ಪತ್ರವೊಂದು ಕಣ್ತಪ್ಪಿ ಎದುರು ಪಕ್ಷದ ಕೈಸೇರಿದರೆ ಕಕ್ಷಿದಾರನಿಗೆ ಆಗುವ ಹಾನಿ ಸಣ್ಣದಲ್ಲ.

ವೃತ್ತಿಯ ಮೆಟ್ಟಿಲುಗಳು

ಆ ತಂದೆಯ ಪ್ರಶ್ನೆಗೆ ಈಗ ಉತ್ತರಿಸಬಹುದು. ಬಿ.ಕಾಂ. ನಂತರ ಮೂರು ವರ್ಷದ ಅಥವಾ ಪಿ.ಯು.ಸಿ. ನಂತರ ಐದು ವರ್ಷದ ಕಾನೂನು ಪದವಿ, ವಕೀಲರ ಪರಿಷತ್ತಿನ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ, ಇವು ಎಲ್ಲ ವಕೀಲರಿಗೂ ಸಮಾನ. ಅನಂತರ ಈ ಶಾಖೆಗೆ ಬಂದವರ ಮೊದಲ ವರ್ಷಗಳು ದಾಖಲೆ ಓದುವುದರಲ್ಲಿಯೇ ಕಳೆಯುತ್ತವೆ. ಬೆಂಗಳೂರು, ಹೈದರಾಬಾದ್‌ಗಳಲ್ಲಿ ವಿದೇಶೀ ಮೊಕದ್ದಮೆಗಳ ದಾಖಲೆಗಳನ್ನೂ ಓದಿ ವಿಂಗಡಿಸುವ ಕಚೇರಿಗಳಿವೆ. ಅದರ ಮುಂದಿನ ಹಂತ, ಓದಿದ್ದನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಯಾರು ಯಾರಿಗೆ ಯಾವಾಗ ಏನು ಬರೆದರು, ಅದರ ಮರುದಿನ ದರ ಏನಾಯಿತು ಎಂಬ ಕೋಷ್ಟಕ ಸಿದ್ಧಪಡಿಸುವುದು. ಅದಾದ ಮೇಲೆ ಅರ್ಥಶಾಸ್ತ್ರಜ್ಞರೊಂದಿಗೆ ಕೆಲಸ, ಸಾಕ್ಷಿಗಳ ಪಾಟೀಸವಾಲು, ಕೊನೆಗೆ ಆಯೋಗದ ಮುಂದೆ ವಾದ. ಮೇಲ್ಮನವಿಗೆ 2017ರ ಮೇ ತಿಂಗಳಿಂದ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಇದೆ. ಉಚ್ಚ ನ್ಯಾಯಾಲಯದಲ್ಲಿಯೂ ಕೆಲಸವಿದೆ. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ಆಯೋಗವು 2020ರಲ್ಲಿ ಆದೇಶಿಸಿದ ತನಿಖೆಯನ್ನು ತಡೆಯಬೇಕೆಂಬ ಅರ್ಜಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯವೇ 2021ರ ಜೂನ್‌ನಲ್ಲಿ ವಜಾಗೊಳಿಸಿತು.

ಕಂಪ್ಯೂಟರೇ ದಾಖಲೆ ಓದುವಾಗ ಮನುಷ್ಯನ ಕೆಲಸ ಉಳಿದೀತೇ ಎಂಬ ಸಂಶಯ ಸಹಜ. ಯಂತ್ರದ ನೆರವಿನಿಂದ ದಾಖಲೆ ವಿಂಗಡಿಸುವುದನ್ನು ಅಮೆರಿಕದ ನ್ಯಾಯಾಲಯವೊಂದು 2012ರಲ್ಲಿಯೇ ಒಪ್ಪಿದೆ. ಬರೀ ಪುಟ ತಿರುವುವ ಕೆಲಸ ಕಡಿಮೆಯಾಗುವುದು ನಿಜ. ಆದರೆ ನಮ್ಮ ವ್ಯಾಪಾರಿಗಳ ಸಂದೇಶಗಳನ್ನು ಗಮನಿಸಿ: ಒಂದೇ ಸಾಲಿನಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. "ಭಾವ ಫಿಕ್ಸ್" ಎಂದರೆ ಒಪ್ಪಂದವೋ ಕೇವಲ ಇಂದಿನ ಮಾರುಕಟ್ಟೆ ದರದ ಸಮಾಚಾರವೋ ಎಂಬುದನ್ನು ಔರಾದ, ಭಾಲ್ಕಿಯ ಮಾರುಕಟ್ಟೆಯಲ್ಲಿ ಬೆಳೆದವನು ತಿಳಿಯುವಂತೆ ಇತರರು ತಿಳಿಯಲಾರರು. ನಮ್ಮ ಗಡಿ ಜಿಲ್ಲೆಯ ಮಕ್ಕಳಿಗೆ ಸಹಜವಾಗಿ ಬಂದಿರುವ ಬಹುಭಾಷೆ ಮತ್ತು ವ್ಯಾಪಾರಜ್ಞಾನ ಇಲ್ಲಿ ನಿಜವಾದ ಬಂಡವಾಳ.

ನನ್ನ ವೃತ್ತಿಬಾಂಧವರಿಗೂ ಒಂದು ಮಾತು. ಕಾಯ್ದೆಯ 35ನೆಯ ಕಲಮು ವಕೀಲರೊಂದಿಗೆ ಚಾರ್ಟರ್ಡ್ ಅಕೌಂಟೆಂಟರು, ಕಂಪನಿ ಕಾರ್ಯದರ್ಶಿಗಳು ಮತ್ತು ಕಾಸ್ಟ್ ಅಕೌಂಟೆಂಟರಿಗೂ ಆಯೋಗದ ಮುಂದೆ ಹಾಜರಾಗುವ ಅಧಿಕಾರ ನೀಡಿದೆ. ವಹಿವಾಟು, ಲಾಭ, ದಂಡದ ಲೆಕ್ಕ, ಇವು ನಮ್ಮ ಕ್ಷೇತ್ರವೇ ಆಗಿದ್ದರೂ ನಾವು ಈ ಅವಕಾಶವನ್ನು ಸಾಕಷ್ಟು ಬಳಸಿಕೊಂಡಿಲ್ಲ.

ನಮ್ಮ ಸಂಘಗಳು ಗಮನಿಸಬೇಕಾದುದು

ಇಲ್ಲಿ ನನ್ನದೇ ಒಂದು ಲೋಪವನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ವ್ಯಾಪಾರಿ ಸಂಘವೊಂದರ ಲೆಕ್ಕ ಪರಿಶೋಧಿಸುವಾಗ ನಡವಳಿ ಪುಸ್ತಕದಲ್ಲಿ ಕನಿಷ್ಠ ದರ ಗೊತ್ತುಪಡಿಸಿ, ಮೀರಿದವರಿಗೆ ದಂಡ ಹಾಕುವ ಠರಾವನ್ನು ಓದಿದ್ದೆ. ವಸೂಲಾದ ದಂಡ ಜಮಾ ಆಗಿದೆಯೇ ಎಂದು ತಾಳೆ ನೋಡಿ ಸಹಿ ಹಾಕಿದೆ. ಜಮಾ-ಖರ್ಚು ಸರಿಯಾಗಿಯೇ ಇತ್ತು. ಠರಾವೇ ಕಾನೂನಿಗೆ ವಿರುದ್ಧವೆಂಬುದು ನನಗೆ ಹೊಳೆಯಲಿಲ್ಲ. 2023ರ ತಿದ್ದುಪಡಿಯ ಪ್ರಕಾರ ಅದೇ ವ್ಯಾಪಾರದಲ್ಲಿ ಇಲ್ಲದವರೂ ಇಂಥ ಒಪ್ಪಂದವನ್ನು ಮುಂದುವರಿಸುವುದರಲ್ಲಿ ಪಾಲ್ಗೊಂಡರೆ ಅದರ ಭಾಗಿಗಳೆಂದೇ ಭಾವಿಸಲ್ಪಡುತ್ತಾರೆ. ಪದಾಧಿಕಾರಿಗಳ ಮೇಲೆ ವೈಯಕ್ತಿಕವಾಗಿಯೂ ದಂಡ ಬೀಳಬಹುದು. ಇಂದು ಅಂಥ ಪುಸ್ತಕ ನನ್ನ ಮೇಜಿಗೆ ಬಂದರೆ ಮೊದಲು ಅಧ್ಯಕ್ಷರನ್ನು ಕರೆಸಿ ಮಾತನಾಡುತ್ತೇನೆ.

ಸಂಘಗಳು ಸಭೆ ಸೇರುವುದನ್ನು ಕಾನೂನು ಬೇಡವೆನ್ನುವುದಿಲ್ಲ. ಸರ್ಕಾರಕ್ಕೆ ಮನವಿ ಸಲ್ಲಿಸುವುದು, ತೆರಿಗೆ ಮತ್ತು ಮಾರುಕಟ್ಟೆ ಶುಲ್ಕದ ತೊಂದರೆಗಳನ್ನು ಚರ್ಚಿಸುವುದು, ತರಬೇತಿ ನಡೆಸುವುದು ಎಲ್ಲವೂ ಸರಿಯೇ. ಮುಂದಿನ ದರ, ಬಾಡಿಗೆ, ಕಮಿಷನ್, ಗಿರಾಕಿ ಹಂಚಿಕೆ, ಟೆಂಡರಿನ ಮೊತ್ತ, ಬಹಿಷ್ಕಾರ, ಇವು ಸಭೆಯಲ್ಲಾಗಲಿ ಮೊಬೈಲ್ ಗುಂಪಿನಲ್ಲಾಗಲಿ ಬರಬಾರದು. ಬಂದರೆ ಅಲ್ಲಿಯೇ ಆಕ್ಷೇಪಿಸಿ, ಆಕ್ಷೇಪಣೆಯನ್ನು ನಡವಳಿಯಲ್ಲಿ ಬರೆಸಬೇಕು. ಸುಮ್ಮನಿದ್ದುದನ್ನು ಸಮ್ಮತಿ ಎಂದು ಓದುವ ಅವಕಾಶ ಕೊಡಬಾರದು. ಆಯೋಗದಿಂದ ಪತ್ರ ಬಂದರೆ ಏನನ್ನೂ ಅಳಿಸದೆ, ತಡಮಾಡದೆ ವಕೀಲರನ್ನು ಕಾಣಬೇಕು.

ಠಾಣಾ ಕುಶನೂರದ ಆ ವ್ಯಾಪಾರಿಗಳು ಸಂದೇಶವನ್ನು ಅಳಿಸಲಿಲ್ಲ. ಆ ನಿರ್ಣಯಕ್ಕೆ ತಮ್ಮ ಒಪ್ಪಿಗೆ ಇಲ್ಲವೆಂದೂ ಅದನ್ನು ಹಿಂಪಡೆಯಬೇಕೆಂದೂ ಸಂಘಕ್ಕೆ ಪತ್ರ ಬರೆದರು. ಪತ್ರದ ಕರಡನ್ನು ಮಗನೇ ಸಿದ್ಧಪಡಿಸಿದ. ನಾನು ಎರಡು ಶಬ್ದ ತಿದ್ದಿದೆ ಅಷ್ಟೇ. ಹೊರಡುವಾಗ ತಂದೆ, ಹುಡುಗ ಹೈದರಾಬಾದಿಗೆ ಹೋಗಲಿ ಬಿಡಿ ಎಂದರು. ಸದಸ್ಯರೆಲ್ಲರೂ ತಂತಮ್ಮ ಸಂಘಗಳ ನಡವಳಿ ಪುಸ್ತಕಗಳನ್ನೂ ಮೊಬೈಲ್ ಗುಂಪುಗಳನ್ನೂ ಈ ದೃಷ್ಟಿಯಿಂದ ಒಮ್ಮೆ ಓದಿ ನೋಡಬೇಕೆಂದು ವಿನಂತಿ.